ನೀಲಕಂಠನ ಕೆಂಪು ಬೆರಳು

ಬೆಳಕಿನ ವಿಷಯದಲ್ಲಿ ಕೊಟ್ಟೂರೇಶ್ ಸರ್‌ಗೆ ಎದುರು ಮಾತಾಡುವವರು ನಮ್ಮ ನಾಟಕ ತಂಡದಲ್ಲಿ ಯಾರೂ ಇರಲಿಲ್ಲ. ಉಳಿದ ವಿಷಯಗಳಲ್ಲಿ ಅವರನ್ನು ಬೇಕಾದಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಗರಿಗರಿ ಇಸ್ತ್ರಿ ಅಂಗಿಗೆ, ಮಾತಿಗೊಮ್ಮೆ ‘ಅರ್ಥ ಆಯ್ತಾ’ ಅನ್ನುವ ಚಾಳಿಗೆ, ಮಂಡಕ್ಕಿಯಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ಹೆಕ್ಕಿ ಹೆಕ್ಕಿ ಪಕ್ಕಕ್ಕಿಡುವುದಕ್ಕೆ. ಆದರೆ ಲೈಟ್ ಬೋರ್ಡಿನ ಮುಂದೆ ಕೂತು ಅವರು ಒಂದು ಗುಂಡಿ ಏರಿಸಿ ಇನ್ನೊಂದು ಇಳಿಸಿದರೆಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆವು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮನೆ. ನಾನೂ ಬಿ.ಎಸ್ಸಿ.ಯಲ್ಲಿ ಅವರ ಕ್ಲಾಸಿನಲ್ಲೇ ಕೂತವಳು. ಆಮೇಲೆ ಕೆಲಸಕ್ಕೆ ಅಲೆದು ಸಾಕಾಗಿ ನಿಟ್ಟುವಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ತೆರೆದೆ. ಮದುಮಗಳಿಗೆ ಬಣ್ಣ ಹಚ್ಚುವ ಕೈಯೇ ತಂಡದವರಿಗೂ ಹಚ್ಚುತ್ತಿತ್ತು.

ನಾಟಕ ನಮ್ಮದೇ, ಸಮುದ್ರ ಕಡೆದ ಕಥೆ. ಶಿವನ ಪಾತ್ರ ನನ್ನಣ್ಣ ತಿಮ್ಮೇಶನದು. ದಿನವಿಡೀ ಗೂಡ್ಸ್ ಗಾಡಿ ಓಡಿಸಿ, ಸಂಜೆ ಮೈಗೆ ವಿಭೂತಿ ಬಳಿದುಕೊಂಡು ನಿಂತನೆಂದರೆ ಇವನೇನಾ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಅಂತ ಜಗಳ ಆಡುವವನು ಅನಿಸುತ್ತಿತ್ತು.

ಶಿವ ವಿಷ ಕುಡಿಯುತ್ತಾನೆ, ಕತ್ತು ಕಪ್ಪಾಗಬೇಕು. ಬೇರೆಯವರಾಗಿದ್ದರೆ ಪರದೆ ಬಿಟ್ಟು, ಕತ್ತಿಗೆ ಮಸಿ ಬಳಿದು, ಮತ್ತೆ ಪರದೆ ಎತ್ತುತ್ತಿದ್ದರು. ಕೊಟ್ಟೂರೇಶ್ ಸರ್‌ಗೆ ಅದು ಒಪ್ಪಿಗೆ ಇರಲಿಲ್ಲ. ಜನರ ಕಣ್ಣೆದುರಿಗೇ, ಯಾರೂ ಮುಟ್ಟದೆ ಕಪ್ಪಾಗಬೇಕು ಎಂದರು. ಅದಕ್ಕವರು ನನ್ನಿಂದ ತರಿಸಿದ್ದು ಕಪ್ಪು ಬಣ್ಣವನ್ನಲ್ಲ, ಕೆಂಪು ಬಣ್ಣವನ್ನು.

“ಕೆಂಪು ಬೆಳಕಲ್ಲಿ ಮೈಯೂ ಕೆಂಪು, ಬಳಿದ ಬಣ್ಣನೂ ಕೆಂಪು. ಎರಡಕ್ಕೂ ವ್ಯತ್ಯಾಸ ಇಲ್ಲ” ಎಂದು ರಿಹರ್ಸಲ್ಲಿನಲ್ಲಿ ವಿವರಿಸಿದರು. “ಆ ಬೆಳಕಿನ ಮಟ್ಟಿಗೆ ಬಣ್ಣ ಬಳದೇ ಇಲ್ಲ ಅಂದ್ಕೊಳ್ರಿ. ಅದೇ ನೀಲಿ ಬೆಳಕು ಬಿಟ್ರೆ ಕೆಂಪು ಬಣ್ಣ ಆ ನೀಲಿನೆಲ್ಲ ನುಂಗಿಬಿಡ್ತೈತೆ, ತಿರುಗಿ ಏನೂ ಕೊಡಲ್ಲ. ಕಪ್ಪಗೆ ಕಾಣ್ತೈತೆ. ಅರ್ಥ ಆಯ್ತಾ?”

ಹೇಳುವುದು ಸುಲಭ, ಹಚ್ಚುವವಳಿಗೆ ಗೊತ್ತು ಕಷ್ಟ. ಅಣ್ಣನ ಮೈಬಣ್ಣ ಎಣ್ಣೆಗಪ್ಪು. ಕೆಂಪು ಒಂದು ಚೂರು ಹೆಚ್ಚಾದರೆ ಕೆಂಪು ಬೆಳಕಿನಲ್ಲೇ ಕತ್ತು ಪಳಪಳ ಅನ್ನುತ್ತಿತ್ತು, ಕಮ್ಮಿಯಾದರೆ ನೀಲಿಯಲ್ಲಿ ಕಪ್ಪೇ ಏರುತ್ತಿರಲಿಲ್ಲ. ಮೈಗೆಲ್ಲ ಮೇಕಪ್ಪಿನ ತಿಳಿ ಬೇಸ್ ಹಚ್ಚಿ, ಅದಕ್ಕೆ ಹೊಂದುವ ಕೆಂಪನ್ನು ಕಲಸಿ ಕಲಸಿ ನನಗೆ ಮದುವಣಗಿತ್ತಿಯರೇ ವಾಸಿ ಅನಿಸಿತ್ತು. ಬೊಗಸೆಯಲ್ಲಿ ವಿಷ ಹಿಡಿಯುವವನು ಅಂತ ಹತ್ತೂ ಬೆರಳಿಗೆ ಉಗುರು ಮುಚ್ಚುವಂತೆ ಕೆಂಪು, ಕುಡಿಯುವವನು ಅಂತ ತುಟಿಗೂ ಕೆಂಪು, ಆಮೇಲೆ ಕತ್ತು. ದಾವಣಗೆರೆಯ ಮೊದಲ ಪ್ರಯೋಗದಲ್ಲಿ ಕೆಂಪು ಇಳಿದು ನೀಲಿ ಏರುತ್ತಿದ್ದಂತೆ ಮೊದಲು ಬೆರಳು, ಆಮೇಲೆ ತುಟಿ, ಆಮೇಲೆ ಇಡೀ ಕತ್ತು ಕಪ್ಪಿಟ್ಟಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕೂತಲ್ಲೇ ಕೈ ಮುಗಿದುಬಿಟ್ಟರು. ಅಣ್ಣ ಆ ಅಜ್ಜಿಯ ಕಥೆಯನ್ನು ಗಾಡಿಗೆ ಮೂಟೆ ಏರಿಸುವವರಿಗೆಲ್ಲ ಹೇಳಿಕೊಂಡು ತಿರುಗಿದ.

ಅದಾದ ಮೇಲೆ ಗಾಡಿಯ ಹಿಂದಿನ ಬಾಗಿಲು ಬಿದ್ದು ಅವನ ಪಾದದ ಕೀಲಿನ ಮೂಳೆ ಬಿರುಕುಬಿಟ್ಟಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಬಿದ್ದುಕೊಂಡ. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೀನಖಂಡ ಊದಿಕೊಂಡೇ ಇತ್ತು, ಮುಟ್ಟಿದರೆ ಬಿಸಿ. ಡಾಕ್ಟರ್ ಹತ್ತಿರ ಮತ್ತೆ ತೋರಿಸು ಅಂತ ಅತ್ತಿಗೆ ಹೇಳಿದಳು, ನಾನೂ ಅವನಿಗೆ ಬೈದೆ. ಎಲ್ಲದಕ್ಕೂ ಅವನದು ಒಂದೇ ಉತ್ತರ.

“ಹರಿಹರದ ಶೋ ಒಂದು ಮುಗೀಲಿ.”

ಹರಿಹರ ಅವನ ಮಾವನ ಮನೆ. ಅತ್ತಿಗೆಯ ಅಪ್ಪ ಪಾಲಯ್ಯನವರು ಅಳಿಯ ಡ್ರೈವರ್ ಅನ್ನುವುದನ್ನು ಮದುವೆಯಾದ ದಿನದಿಂದ ಅರಗಿಸಿಕೊಂಡವರಲ್ಲ. ನಾಟಕದ ಹುಚ್ಚು ಬೇರೆ ಅಂತ ಎದುರಿಗೇ ಅನ್ನುತ್ತಿದ್ದರು. ಆ ಮಾವ ಈ ಸಲ ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ಇನ್ನು ಅಣ್ಣ ಎರಡೂ ಕಾಲು ಮುರಿದಿದ್ದರೂ ತೆವಳಿಕೊಂಡು ಹೋಗುತ್ತಿದ್ದ. ಮಗಳಿಗೆ ಜ್ವರವಿದ್ದದ್ದರಿಂದ ಅತ್ತಿಗೆ ದಾವಣಗೆರೆಯಲ್ಲೇ, ಸರಸ್ವತಿ ನಗರದ ಮನೆಯಲ್ಲಿ ಉಳಿದಳು.

ಹರಿಹರದ ಆ ಸಭಾಂಗಣದಲ್ಲಿ ಬಣ್ಣದ ಕೋಣೆ ಮಹಡಿಯ ಮೇಲಿತ್ತು. ಮಧ್ಯಾಹ್ನ ಅಲ್ಲಿ ಕೂತು ಬಣ್ಣ ಹಚ್ಚಿಸಿಕೊಂಡ ಅಣ್ಣ ಬೆಳಕು ಸರಿಹೊಂದಿಸಲು ಒಮ್ಮೆ ಕೆಳಗಿಳಿದು ವೇದಿಕೆಯ ಮೇಲೆ ನಿಂತು ಬಂದ. ಮರಳಿ ಮೆಟ್ಟಿಲು ಹತ್ತಿದವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಬಾಯಿ ತೆರೆದು ಉಸಿರೆಳೆಯುತ್ತಿದ್ದ.

“ಏನಾತೋ ಅಣ್ಣ?”

“ಏನಿಲ್ಲ. ಯಾಕೋ ಎದಿ ಹಿಡದಂಗಾತು. ಮಧ್ಯಾಹ್ನ ತಿಂದ ಮಿರ್ಚಿ ಇರಬೇಕು.”

ಪಾರ್ವತಿಯ ಪಾತ್ರದ ಕೃತಿಕಾ ನರ್ಸಿಂಗ್ ಓದುವ ಹುಡುಗಿ. ಅವಳ ಬ್ಯಾಗಿನಲ್ಲಿ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಮಿಶನ್ ಇತ್ತು. ಕರೋನಾ ಕಾಲದಲ್ಲಿ ಎಲ್ಲರ ಮನೆಗೂ ಬಂದಿತ್ತಲ್ಲ, ಅದೇ. ತೆಗೆದು ಅಣ್ಣನ ಬೆರಳಿಗೆ ಸಿಕ್ಕಿಸಿದಳು. ಎಂಬತ್ತನಾಲ್ಕು ಅಂತ ತೋರಿಸಿತು. ಇನ್ನೊಂದು ಬೆರಳಿಗೆ ಹಾಕಿದಳು. ಅಲ್ಲೂ ಅಷ್ಟೇ.

“ಸರ್, ತೊಂಬತ್ತೈದರ ಮೇಲೆ ಇರಬೇಕು ಇದು” ಎಂದಳು. “ಎಂಬತ್ತನಾಲ್ಕು ಅಂದ್ರೆ ಕೂಡ್ಲೇ ಆಸ್ಪತ್ರಿಗೆ ಹೋಗ್ಬೇಕು.”

ಅಣ್ಣನ ಹಿಂದೆಯೇ ಮೇಲೆ ಬಂದಿದ್ದ ಕೊಟ್ಟೂರೇಶ್ ಸರ್ ಮಿಶನ್ ಇಸಿದುಕೊಂಡು ಅದರೊಳಗಿನ ಬೆಳಕನ್ನು ನೋಡಿದರು. ನೋಡಿ ನಕ್ಕರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ತರಗತಿಯಲ್ಲಿ ಹುಡುಗರು ತಪ್ಪು ಉತ್ತರ ಕೊಟ್ಟಾಗ ನಗುತ್ತಿದ್ದ ಪ್ರೀತಿಯ ನಗು.

“ಇದು ಕೆಂಪು ಬೆಳಕು ಬಿಟ್ಟು ರಕ್ತ ಎಷ್ಟು ಕೆಂಪೈತೆ ಅಂತ ಅಳೀತೈತೆ. ಬೆರಳಿಗೇ ಕೆಂಪು ಬಳಕೊಂಡು ಕುಂತ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ನೋಡ್ರಿ ಬೇಕಾದ್ರೆ.” ತಮ್ಮ ಬೆರಳನ್ನು ಸಿಕ್ಕಿಸಿಕೊಂಡರು. ತೊಂಬತ್ತೊಂಬತ್ತು. “ಬಣ್ಣ ಇಲ್ಲದ ಬೆರಳು ತೊಂಬತ್ತೊಂಬತ್ತು, ಬಣ್ಣ ಇರೋ ಬೆರಳು ಎಂಬತ್ತನಾಲ್ಕು. ಅರ್ಥ ಆಯ್ತಾ?”

ಎಲ್ಲರಿಗೂ ಅರ್ಥವಾಯಿತು. ನೈಲ್ ಪಾಲಿಶ್ ಇದ್ದರೆ ತಪ್ಪು ತೋರಿಸುತ್ತದೆ ಅಂತ ನಮಗೂ ಕ್ಲಾಸಿನಲ್ಲಿ ಹೇಳಿದ್ದಾರೆ ಎಂದು ಕೃತಿಕಾಳೂ ತಲೆಯಾಡಿಸಿದಳು. ನನಗೂ ಸರಿ ಅನಿಸಿತು. ಆದರೂ ಒಂದು ಬೆರಳು ಒರೆಸಿ ನೋಡೋಣ ಎಂದೆ.

“ಒರಸಿದ್ರೆ ಆ ಶೇಡ್ ಮತ್ತೆ ಕೂಡ್ಸಾಕೆ ಅರ್ಧ ಗಂಟೆ ಬೇಕು ನಿಂಗೆ. ಈಗ್ಲೇ ನಾಕು ಗಂಟೆ, ನಾಕೂವರೆಗೆ ಪರದೆ ಏಳ್ತೈತೆ” ಎಂದರು ಸರ್.

ಅಣ್ಣ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. “ಒರಸಬ್ಯಾಡ ಅಂಬಿ. ಸರ್ ಹೇಳಿದ್ಮೇಲೆ ಮುಗೀತು. ಮಾವನೋರು ಬಂದು ಕುಂತಾರೆ ಆಗ್ಲೇ.”

ಟ್ಯೂಬ್‌ಲೈಟಿನ ಕೆಳಗೆ ಅವನ ಮುಖ ನೋಡಿದೆ. ಏನು ತಿಳಿಯಬೇಕು? ಮೈಗೆಲ್ಲ ಬೇಸ್, ಅದರ ಮೇಲೆ ವಿಭೂತಿ, ತುಟಿಗೆ ಕೆಂಪು, ಉಗುರಿಗೆ ಕೆಂಪು. ಮನುಷ್ಯನ ಮೈ ತನ್ನ ಸಂಕಟ ಹೇಳಿಕೊಳ್ಳುವ ಜಾಗವನ್ನೆಲ್ಲ ನಾನೇ ಮುಚ್ಚಿದ್ದೆ.

ಮೊದಲ ಭಾಗ ಮುಗಿಸಿ ವಿರಾಮದಲ್ಲಿ ಮೇಲೆ ಬರಲು ಅವನಿಗೆ ಆಗಲಿಲ್ಲ. ವೇದಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದೆವು. ಬೆವರು ಬೇಸನ್ನು ಕೊರೆದು ಗೆರೆಗೆರೆಯಾಗಿ ಇಳಿಯುತ್ತಿತ್ತು. ನಾನು ಒತ್ತಿ ಒತ್ತಿ ಸರಿಮಾಡಿದೆ. ಕೃತಿಕಾ ಮತ್ತೆ ಮಿಶನ್ ಸಿಕ್ಕಿಸಿದಳು. ಎಂಬತ್ತು.

“ಸರ್, ಇಳೀತಾ ಐತೆ.”

“ಬೆವತಿದಾನೆ, ಬಣ್ಣ ಇನ್ನೂ ಹರಡಿರ್ತೈತೆ.”

“ಉಸಿರು ನೋಡ್ರಿ ಸರ್ ಅವಂದು” ಎಂದೆ ನಾನು. “ಮಿಶನ್ ಹಾಳಾಗ್ಲಿ, ಉಸಿರಿಗೂ ಬಣ್ಣ ಹಚ್ಚೀನಾ ನಾನು?”

ಸರ್ ಮುಖ ಗಂಟಾಯಿತು. “ತಿಂಗಳುಗಟ್ಲೆ ಮಲಗಿ ಎದ್ದೋನು, ಕುಣದ್ರೆ ಏದುಸಿರು ಬರಲ್ವಾ? ಇನ್ನಿರೋದು ಒಂದೇ ದೃಶ್ಯ. ನೀನು ಬಣ್ಣ ನೋಡ್ಕೊ ಅಂಬಿಕಾ.” ಹೇಳಿದವರೇ ಸಭಾಂಗಣದ ಹಿಂಬದಿಯ ಬೋರ್ಡಿನ ಕಡೆ ಹೊರಟುಹೋದರು.

ನಾನು ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತು, ಬ್ಯಾಡ, ಎದ್ದು ಹೋಗೋಣ ನಡಿ ಎಂದೆ. ಅವನು ನನ್ನ ತಲೆಯ ಮೇಲೆ ಕೈಯಿಡಲು ಬಂದು, ಬಣ್ಣ ಅಂಟೀತೆಂದು ನೆನಪಾಗಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. “ಕತ್ತು ಕಪ್ಪಾಗೋದನ್ನ ಮಾವನೋರು ಒಂದ್ಸಲ ನೋಡ್ಲಿ ಅಂಬಿ. ಆಮೇಲೆ ಎಲ್ಲಿಗಂದ್ರೆ ಅಲ್ಲಿಗೆ ಬರ್ತೀನಿ” ಎಂದ. ನಡುವೆ ಎರಡು ಸಲ ನಿಲ್ಲಿಸಿ ಉಸಿರು ತಗೊಂಡು ಹೇಳಿದ.

ಪರದೆ ಎದ್ದಿತು. ವೇದಿಕೆಯೆಲ್ಲ ಕೆಂಪಾಯಿತು. ಅಣ್ಣ ನಡೆದು ಹೋಗಿ ನಡುವೆ ನಿಂತ. ಪಕ್ಕದಲ್ಲಿ ಕೃತಿಕಾ. ಹೋಗುವಾಗ ಅವಳು ಮಿಶನ್ ನನ್ನ ಕೈಗೆ ಕೊಟ್ಟಿದ್ದಳು. ಏನು ಮಾಡುತ್ತಿದ್ದೇನೆಂಬ ಗಮನವೂ ಇಲ್ಲದೆ ಅದನ್ನು ನನ್ನ ಬೆರಳಿಗೇ ಸಿಕ್ಕಿಸಿಕೊಂಡೆ.

ತೊಂಬತ್ತೆಂಟು ಎಂದು ತೋರಿಸಿತು.

ನನ್ನ ಬೆರಳು ನೋಡಿಕೊಂಡೆ. ಬ್ರಶ್ಶಿನಲ್ಲಿ ಸರಿಯಾಗಿ ಕೂರದೆಂದು ನಾನು ಬೆರಳಲ್ಲೇ ಬಳಿಯುವವಳು. ಅಣ್ಣನಿಗೆ ಹಚ್ಚಿದ ಕೆಂಪೇ ನನ್ನ ಬೆರಳಿಗೂ ಉಗುರು ಮುಚ್ಚಿ ಮೆತ್ತಿಕೊಂಡಿತ್ತು. ಅವನದಕ್ಕಿಂತ ದಪ್ಪವಾಗಿಯೇ ಇತ್ತು. ಇನ್ನೊಂದು ಬೆರಳು ಇಟ್ಟೆ. ತೊಂಬತ್ತೆಂಟು. ಕೆಂಪು ಬೆಳಕಿನ ಮಟ್ಟಿಗೆ ಕೆಂಪು ಬಣ್ಣ ಬಳಿದೇ ಇಲ್ಲ. ರಿಹರ್ಸಲ್ಲಿನಲ್ಲಿ ಸರ್ ಅವರೇ ಹೇಳಿದ ಪಾಠ. ಆ ಮಿಶನ್ನಿನ ಬೆಳಕು ನನ್ನ ಬಣ್ಣವನ್ನು ದಾಟಿಕೊಂಡು ನೇರ ಅಣ್ಣನ ರಕ್ತವನ್ನೇ ನೋಡಿತ್ತು. ಮಧ್ಯಾಹ್ನದಿಂದ ನಿಜ ಹೇಳುತ್ತಿತ್ತು. ನಾವೆಲ್ಲ ಓದಿದವರು ಸುತ್ತ ನಿಂತು ಅದನ್ನು ಸುಳ್ಳು ಮಾಡಿದ್ದೆವು.

ಗೋಡೆ ಪಕ್ಕದ ಓಣಿಯಲ್ಲಿ ಓಡಿದೆ. ಯಾರದೋ ಕಾಲು ತುಳಿದೆ, ಯಾರೋ ಬೈದರು. ಬೋರ್ಡಿನ ಹತ್ತಿರ ಹೋಗಿ ಬೆರಳು ಸಮೇತ ಮಿಶನ್ನನ್ನು ಸರ್ ಮುಖಕ್ಕೆ ಹಿಡಿದೆ.

“ನನ್ನ ಬೆರಳೂ ಕೆಂಪೈತೆ ನೋಡ್ರಿ. ತೊಂಬತ್ತೆಂಟು. ಬಣ್ಣ ಅಲ್ಲ ಸರ್ ಅದು. ನಿಲ್ಲಿಸ್ರಿ ನಾಟಕ.”

ಅವರು ನೋಡಿದರು. ನೋಡಿದ್ದು ಅರ್ಥವಾಯಿತೆಂದು ನನಗೆ ಗೊತ್ತು, ಯಾಕೆಂದರೆ ಅವರ ಬಾಯಿ ಒಣಗಿ ತುಟಿ ಅಂಟಿಕೊಂಡಿತು. ಆದರೆ ಕೈ ಗುಂಡಿಗಳ ಮೇಲೆಯೇ ಇತ್ತು, ಅಣ್ಣ ಆಗಲೇ ಬೊಗಸೆಯನ್ನು ಬಾಯಿಗೆ ಎತ್ತಿದ್ದ. “ಇನ್ನೊಂದೇ ನಿಮಿಷ” ಎಂದರು. ಕೆಂಪು ಇಳಿಯಿತು, ನೀಲಿ ಏರಿತು.

ಬೆರಳು ಕಪ್ಪಾಯಿತು. ತುಟಿ ಕಪ್ಪಾಯಿತು. ಕತ್ತು ಕಪ್ಪಾಯಿತು. ಜನ ಹೋ ಎಂದರು. ಅಣ್ಣ ಕತ್ತು ಹಿಡಿದುಕೊಂಡು ಮೊಣಕಾಲೂರಿ ಉಸಿರಿಗಾಗಿ ಒದ್ದಾಡುತ್ತಿದ್ದ. ಏನು ಆಕ್ಟಿಂಗು ಮಾರಾಯ ಅಂತ ನನ್ನ ಪಕ್ಕದಲ್ಲೇ ಒಬ್ಬ ಹೇಳಿದ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಪಾಲಯ್ಯನವರೂ ಹೊಡೆಯುತ್ತಿದ್ದರು, ಹಿಂದಿನಿಂದಲೇ ಅವರ ಕೈ ಕಾಣುತ್ತಿತ್ತು. ಒಬ್ಬ ಮನುಷ್ಯ ಸಾಯುತ್ತಿರುವುದಕ್ಕೆ ಅಷ್ಟು ಜನ ಚಪ್ಪಾಳೆ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದೆ.

ಸರ್ ಕೈಯನ್ನು ತಳ್ಳಿ ಬಿಳಿ ಬೆಳಕಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆ ನೂಕಿದೆ.

ನೀಲಕಂಠ ಹೋದ. ಉಳಿದದ್ದು ಕತ್ತಿಗೆ ಕುಂಕುಮದ ಕೆಸರು ಮೆತ್ತಿಕೊಂಡ ಒಬ್ಬ ಡ್ರೈವರ್. ಕೆದರಿದ ಜಡೆ, ಬೆವರಿಗೆ ಕಿತ್ತುಬಂದ ವಿಭೂತಿ, ಊದಿದ ಕಾಲಿಗೆ ಸುತ್ತಿದ ಕ್ರೇಪ್ ಬ್ಯಾಂಡೇಜು, ಎಲ್ಲವೂ ಕಣ್ಣು ಚುಚ್ಚುವಂತೆ ಕಂಡವು. ಒಂದು ಗಳಿಗೆ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಸೀಟಿ ಬಿತ್ತು, ಹುಡುಗರು ನಕ್ಕರು. ನಗು ಹರಡಿತು. ಅಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು ಬೋರ್ಡಿನ ಕಡೆ ನೋಡಿದ. ಅಲ್ಲಿ ಗುಂಡಿಯ ಮೇಲೆ ಕೈಯಿಟ್ಟು ನಿಂತವಳು ನಾನು. ನೋಡಿ, ಪಕ್ಕಕ್ಕೆ ವಾಲಿದ. ಕೃತಿಕಾ ಚೀರಿದ ಮೇಲೆಯೇ ನಗು ನಿಂತದ್ದು.

ಪ್ರೇಕ್ಷಕರಲ್ಲಿದ್ದ ಡಾಕ್ಟರೊಬ್ಬರು ಓಡಿಬಂದು ನಾಡಿ ಹಿಡಿದರು, ಊದಿದ ಕಾಲು ಮುಟ್ಟಿ ನೋಡಿದರು. ಇಲ್ಲಿ ಏನೂ ಮಾಡಲಾಗದು, ತಕ್ಷಣ ದಾವಣಗೆರೆಗೆ ಒಯ್ಯಿರಿ ಎಂದು ಅಲ್ಲಿನ ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಹಚ್ಚಿದರು. ಕೊಟ್ಟೂರೇಶ್ ಸರ್ ಕಾರು ತಂದರು. ಹಿಂದಿನ ಸೀಟಿನಲ್ಲಿ ಅಣ್ಣ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡಿದ್ದ. ಕೃತಿಕಾ ಮುಂದೆ ಕೂತು ಹಿಂದಕ್ಕೆ ಬಾಗಿ ಅವನ ಕೈ ಹಿಡಿದುಕೊಂಡಿದ್ದಳು. ಪಾಲಯ್ಯನವರು ಯಾರದೋ ಗಾಡಿಯಲ್ಲಿ ಹಿಂದೆ ಬರುತ್ತಿದ್ದರು.

ಬಣ್ಣ ತೆಗೆಯಲೆಂದು ಬ್ಯಾಗಿನಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಸೆರಗಿಗೆ ಸುರಿದುಕೊಂಡು ಅಣ್ಣನ ತುಟಿ, ಉಗುರು ಒರೆಸಿದೆ. ಆ ಹೊತ್ತಿನಲ್ಲಿ ನನಗೆ ಬೇರೆ ಏನೂ ಮಾಡಲು ತೋಚಲಿಲ್ಲ. ಕಾರಿನೊಳಗಿನ ದೀಪದಲ್ಲಿ ಕೆಂಪು ಹೋದ ಮೇಲೆ ತುಟಿ ಕಂಡಿತು, ನೇರಳೆಹಣ್ಣು ತಿಂದ ಮಕ್ಕಳ ತುಟಿಯ ಹಾಗೆ. ಉಗುರುಗಳೂ ಹಾಗೇ ಇದ್ದವು. ಬೆಳಕು ಬದಲಿಸಿ ತೋರಿಸುವ ಕಪ್ಪಿಗಾಗಿ ಅಷ್ಟೆಲ್ಲ ಕಷ್ಟಪಟ್ಟಿದ್ದೆವಲ್ಲ, ನಿಜವಾದದ್ದು ಅದರ ಅಡಿಯಲ್ಲೇ ಇತ್ತು.

ದಾರಿಯಲ್ಲಿ ದೊಡ್ಡಬಾತಿ ಊರು ದಾಟುವಾಗ ಅವನು ಕಣ್ಣು ಬಿಟ್ಟ.

“ಅಂಬಿ... ಬಿಳಿ ಲೈಟ್ ಯಾರ್ ಹಾಕಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಸರ್ ಮುಂದಿನಿಂದ ಹೇಳಿದರು. “ನಾನೇ ತಿಮ್ಮೇಶಿ. ಕೈ ತಪ್ತು. ನಂದೇ ತಪ್ಪು.” ಅವರು ಅಳುತ್ತಿದ್ದರು.

“ನಿಮ್ ಕೈ ತಪ್ಪಲ್ಲ ಬಿಡ್ರಿ ಸರ್” ಎಂದ ಅಣ್ಣ. ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿದ. “ನೀನೇ ಹಾಕಿದ್ದು. ನೋಡ್ದೆ ನಾನು. ಮಾವನೋರ ಮುಂದೆ... ನಗಸಿಬಿಟ್ಟೆಲ್ಲ ನನ್ನ.”

ಯಾಕೆ ಹಾಕಿದೆ ಅಂತ ಹೇಳಬೇಕೆಂದಿದ್ದೆ. ನನ್ನ ಬೆರಳು, ತೊಂಬತ್ತೆಂಟು, ಎಲ್ಲವನ್ನೂ. ಅಷ್ಟರಲ್ಲಿ ಅವನು ನನ್ನ ಕಡೆಯಿಂದ ಮುಖ ಆಚೆ ಹೊರಳಿಸಿದ. ಮತ್ತೆ ಮಾತಾಡಲಿಲ್ಲ.

ಆಸ್ಪತ್ರೆಯವರು ಸ್ಟ್ರೆಚರ್ ಹಿಡಿದುಕೊಂಡೇ ನಿಂತಿದ್ದರು. ಒಳಗೆ ಬಹಳ ಹೊತ್ತು ಪ್ರಯತ್ನಪಟ್ಟರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು, ಉಳಿಸಿಕೊಳ್ಳಲು ಆಗಲಿಲ್ಲ ಎಂದು ಆಮೇಲೆ ಹೊರಗೆ ಬಂದ ಡಾಕ್ಟರಮ್ಮ ಹೇಳಿದರು. ಸಣ್ಣ ವಯಸ್ಸಿನವರು, ನಮ್ಮಷ್ಟೇ ಸೋತಂತೆ ಕಾಣುತ್ತಿದ್ದರು. ಸುಸ್ತು ಯಾವಾಗ ಶುರುವಾಯಿತು ಎಂದು ಕೇಳಿದರು. ಮಧ್ಯಾಹ್ನ ಎಂದೆ. ಮಧ್ಯಾಹ್ನವೇ ಕರೆತಂದಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಅತ್ತಿಗೆ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಆಟೋದಲ್ಲಿ ಬಂದಳು. ಅತ್ತು, ನೆಲದ ಮೇಲೆ ಕೂತು, ಮತ್ತೆ ಎದ್ದು ನನ್ನ ತೋಳು ಹಿಡಿದಳು. ಪಾಲಯ್ಯನವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೊಟ್ಟೂರೇಶ್ ಸರ್ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

“ಕೊನಿಗೆ ಏನಾರ ಅಂದ್ರಾ ಅಂಬಿಕಾ? ಏನಾರ ಮಾತಾಡಿದ್ರಾ?”

ಸರ್ ತಲೆ ಎತ್ತಿದರು.

“ಏನೂ ಅನ್ಲಿಲ್ಲ ಅತ್ತಿಗೆ” ಎಂದೆ.

ಸರ್ ಕಣ್ಣಿನಲ್ಲಿ ನನ್ನ ಬಗ್ಗೆ ಕೃತಜ್ಞತೆ ಬಂತು, ಅವರ ತಪ್ಪು ಮುಚ್ಚಿಟ್ಟು ಉಳಿಸಿದೆ ಅಂದುಕೊಂಡರು. ಎದ್ದು ಹೋಗಿ ಕೆನ್ನೆಗೆ ಬಾರಿಸಬೇಕು ಅನಿಸಿತು ನನಗೆ. ಅವರಿಗಾಗಿ ಮುಚ್ಚಿಡಲಿಲ್ಲ ನಾನು. ಅಣ್ಣ ಅವರನ್ನು ನಂಬಿಕೊಂಡೇ ಹೋದ, ನನ್ನ ಮೇಲೆ ಸಿಟ್ಟುಮಾಡಿಕೊಂಡು ಹೋದ. ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ, ಅಷ್ಟೇ.